ಟೆಲಿಫೋನು ಕದ್ದಾಲಿಕೆಯೂ ನ್ಯಾಯಸ್ಥಾನವೂ

ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯನ್ನು ಕಂಡು, 1909ರಲ್ಲಿ ಅದನ್ನು ಅಚ್ಚು ಮಾಡಿಸಿದ ವೃತ್ತಾಂತವನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಪಾಠಶಾಲೆಯಲ್ಲಿ ಆ ಗ್ರಂಥದ ಗೂಢಪುರುಷಪ್ರಕರಣವನ್ನು ಓದುತ್ತಿದ್ದಾಗ ನಮ್ಮ ಗುರುಗಳು ಒಂದು ಅಂಶವನ್ನು ವಿಶೇಷವಾಗಿ ಎತ್ತಿ ಹೇಳುತ್ತಿದ್ದರು. ಶಿಷ್ಯನ ವೇಷ, ಗೃಹಸ್ಥನ ವೇಷ, ವರ್ತಕನ ವೇಷ, ತಾಪಸನ ವೇಷ, ಇಂತು ನಾನಾ ವೇಷಗಳಲ್ಲಿ ಚಾರರನ್ನು ನಾಡೆಲ್ಲ ತಿರುಗಿಸುವ ಕೌಟಿಲ್ಯನು, ಅವರಲ್ಲೊಬ್ಬನು ತಂದ ಸುದ್ದಿಯನ್ನು ಅರಸನು ಒಡನೆಯೇ ನಂಬಬಾರದೆನ್ನುತ್ತಾನೆ. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರು ಒಂದೇ ಸುದ್ದಿಯನ್ನು ತಂದರೆ ಮಾತ್ರ ಅದು ಗ್ರಾಹ್ಯ. ಮೇಲಿಂದ ಮೇಲೆ ಹೊಂದದ ಸುದ್ದಿಯನ್ನು ತರುವವನಿಗೆ ಗುಟ್ಟಾಗಿ ದಂಡನೆ, ಇಲ್ಲವೆ ಕೆಲಸದಿಂದ ಬಿಡುಗಡೆ. ಪ್ರಜೆಯ ಮೇಲಿನ ಕನಿಕರದಿಂದ ಹುಟ್ಟಿದ ನಿಯಮವಲ್ಲವಿದು. ಅರಸನು ಮೋಸಹೋಗಬಾರದೆಂಬುದಷ್ಟೇ ಇದರ ಗುರಿ. ಆದರೂ ಕದ್ದು ಕೇಳಿದ ಕಿವಿಗೆ ಹೊರಗಿನದೊಂದು ಪ್ರಮಾಣ ಬೇಕೆಂಬುದನ್ನು ಅಷ್ಟು ಕಠಿನನಾದ ಶಾಸ್ತ್ರಕಾರನೂ ಒಪ್ಪಿದನು.

ಅರಸನ ಹಿತಕ್ಕಾಗಿ ಕೌಟಿಲ್ಯನು ಹಾಕಿಕೊಂಡ ಈ ಪ್ರಶ್ನೆಯನ್ನು ಪ್ರಜೆಯ ಹಿತಕ್ಕಾಗಿ ನಮ್ಮ ದೇಶದಲ್ಲಿ ಕೇಳಿದವರಾರು, ಯಾವಾಗ, ಅದಕ್ಕೆ ಬಂದ ಉತ್ತರವೇನು ಎಂಬುದೇ ಈ ಲೇಖನದ ವಿಷಯ. ಇದು ಬಹುಮಟ್ಟಿಗೆ ಒಂದೇ ಒಂದು ಶಾಸನದ ಒಂದೇ ಒಂದು ಕಲಮಿನ ಚರಿತ್ರೆ.

ಇಂಗ್ಲಿಷರಿಗೆ ತಂತಿಯ ಬೆಲೆ ಚೆನ್ನಾಗಿ ತಿಳಿದುದು 1857ರಲ್ಲಿ. ಮೀರಠದ ಸಿಪಾಯಿಗಳು ದೆಹಲಿಯನ್ನು ಹೊಕ್ಕ ಸುದ್ದಿಯನ್ನು ಅಲ್ಲಿಯ ತಂತಿಮನೆಯವರು ಮೇ 11ರಂದು ಅಂಬಾಲಕ್ಕೆ ಮುಟ್ಟಿಸಿದರು. ಅದರಿಂದ ಪಂಜಾಬಿನ ಅಧಿಕಾರಿಗಳು ಮುಂಚಿತವಾಗಿ ಎಚ್ಚತ್ತರು. ಇಂಥ ಸಾಧನವು ಎದುರಾಳಿಯ ಕೈಗೆ ಸಿಕ್ಕಬಾರದು, ಎದುರಾಳಿಯ ಮಾತು ಅದರಲ್ಲಿ ಹರಿದರೆ ತಮ್ಮ ಕಿವಿಗೆ ಬೀಳಬೇಕು ಎಂಬ ಎಣಿಕೆ ಆಳುವವರಲ್ಲಿ ಬೇರೂರಿದುದು ಸಹಜವೇ. 1885ರ ಭಾರತೀಯ ತಂತಿ ಶಾಸನದ 5ನೆಯ ಕಲಮಿನಲ್ಲಿ ಈ ಎಣಿಕೆ ಅಕ್ಷರರೂಪವನ್ನು ತಾಳಿತು. ಸಾರ್ವಜನಿಕ ತುರ್ತುಪರಿಸ್ಥಿತಿ ಒದಗಿದಾಗ, ಅಥವಾ ಸಾರ್ವಜನಿಕ ಸುರಕ್ಷತೆಯ ದೃಷ್ಟಿಯಿಂದ, ಸರ್ಕಾರದವರು ಯಾವನೊಬ್ಬನ ತಂತಿಯನ್ನಾದರೂ ತಡೆಯಬಹುದು, ಹಿಡಿದಿಡಬಹುದು, ತೆರೆದು ನೋಡಬಹುದು. ತುರ್ತು ನಿಜವಾಗಿ ಇದ್ದಿತೇ ಎಂದು ಸಂಶಯ ಬಂದರೆ? ಸರ್ಕಾರದ ಕಾರ್ಯದರ್ಶಿಯು ಸಹಿಮಾಡಿದ ಪತ್ರವೇ ಅದಕ್ಕೆ ನಿರ್ಣಾಯಕ ಸಾಕ್ಷ್ಯವೆಂದು ಶಾಸನವು ಹೇಳಿತು. ವೇದವು ಸ್ವತಃಪ್ರಮಾಣ, ಅದಕ್ಕೆ ಬೇರೆ ಪ್ರಮಾಣ ಬೇಕಿಲ್ಲ ಎಂದು ಮೀಮಾಂಸಕರು ವಾದಿಸಿದುದನ್ನು ನಾವು ಓದಿದ್ದೇವೆ. ಕಾರ್ಯದರ್ಶಿಯ ಸಹಿಗೆ ಆ ಪದವಿಯನ್ನು ಕೊಟ್ಟವರು ಇಂಗ್ಲಿಷರು.

ಟೆಲಿಫೋನು ಈ ಶಾಸನದೊಳಕ್ಕೆ ಬಂದುದು ಹೇಗೆಂದು ಕೆಲವರು ಕೇಳಬಹುದು. ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ 1882ರಲ್ಲಿಯೇ ಟೆಲಿಫೋನು ಕೇಂದ್ರಗಳು ತೆರೆದಿದ್ದುವು. ಅದಕ್ಕೆ ಎರಡು ವರ್ಷ ಮೊದಲು ಇಂಗ್ಲೆಂಡಿನ ನ್ಯಾಯಾಲಯವೊಂದು ಟೆಲಿಫೋನೂ ತಂತಿಯೇ ಎಂದು ತೀರ್ಪಿತ್ತಿತ್ತು. ಹೀಗಾಗಿ, ಬರೆದು ಕಳುಹಿಸಿದ ಹತ್ತು ಶಬ್ದಗಳ ತಂತಿಗೂ, ಗಂಡಹೆಂಡಿರು ದೂರದಿಂದ ಆಡಿಕೊಂಡ ಮಾತಿಗೂ ಶಾಸನದಲ್ಲಿ ಭೇದವಿಲ್ಲದೆ ಹೋಯಿತು. ಭೇದವಾದರೋ ಬಹಳ ಇದೆ. ತಂತಿಯನ್ನು ಬರೆಯುವವನು ತಂತಿಗುಮಾಸ್ತನು ಓದುವನೆಂದು ತಿಳಿದೇ ಬರೆಯುತ್ತಾನೆ. ಟೆಲಿಫೋನಿನಲ್ಲಿ ಆಡುವವನು ಮೂರನೆಯವನಿಲ್ಲವೆಂದು ನಂಬಿ ಆಡುತ್ತಾನೆ. (ನಮ್ಮ ಊರಿನ ಹಳೆಯ ಕೇಂದ್ರದಲ್ಲಿ ಟ್ರಂಕ್ ಕರೆಯನ್ನು ಜೋಡಿಸುತ್ತಿದ್ದವರು ಮದುವೆಯ ಮಾತುಕತೆ ಎಲ್ಲಿಗೆ ಬಂದಿತೆಂಬುದನ್ನು ಹೆಣ್ಣಿನ ತಂದೆಗಿಂತ ಮೊದಲೇ ಅರಿಯುತ್ತಿದ್ದರೆಂಬುದು ನಿಜ. ಆದರೆ ಅವರು ಸರ್ಕಾರಕ್ಕೆ ವರದಿ ಬರೆಯುತ್ತಿರಲಿಲ್ಲ.)

ಸ್ವಾತಂತ್ರ್ಯ ಬಂದಿತು, ಸಂವಿಧಾನ ಬಂದಿತು. 5ನೆಯ ಕಲಮು ಇದ್ದಲ್ಲಿಯೇ ಇದ್ದಿತು. 1962ರ ಡಿಸೆಂಬರ್ 18ರಂದು ಸರ್ವೋಚ್ಚ ನ್ಯಾಯಾಲಯವು ಖಡಕ್ ಸಿಂಗನೆಂಬವನ ಮೊಕದ್ದಮೆಯನ್ನು ತೀರ್ಮಾನಿಸಿತು. ದರೋಡೆಯ ಆಪಾದನೆಯಿಂದ ಸಾಕ್ಷ್ಯವಿಲ್ಲದೆ ಬಿಡುಗಡೆ ಹೊಂದಿದ್ದ ಅವನ ಮನೆಯ ಬಾಗಿಲನ್ನು ಉತ್ತರಪ್ರದೇಶದ ಪೋಲೀಸರು ರಾತ್ರಿಯ ಹೊತ್ತು ತಟ್ಟುತ್ತಿದ್ದರು. ರಾತ್ರಿಯ ಭೇಟಿ ಕೂಡದೆಂದ ನ್ಯಾಯಾಲಯವು, ಏಕಾಂತವೆಂಬುದೊಂದು ಹಕ್ಕು ಸಂವಿಧಾನದಲ್ಲಿಲ್ಲವೆಂದು ಬಹುಮತದಿಂದ ಹೇಳಿತು. ನ್ಯಾಯಮೂರ್ತಿ ಸುಬ್ಬರಾಯರು ಮಾತ್ರ, ಇನ್ನೊಬ್ಬ ನ್ಯಾಯಾಧೀಶರೊಡಗೂಡಿ, ಭಿನ್ನಮತವನ್ನು ಬರೆದರು. ಹತ್ತು ವರ್ಷಗಳ ತರುವಾಯ, 1972ರಲ್ಲಿ, ಪಾರ್ಲಿಮೆಂಟು 5ನೆಯ ಕಲಮನ್ನು ತಿದ್ದಿತು. ದೇಶದ ಸಾರ್ವಭೌಮತ್ವ, ರಾಜ್ಯದ ಭದ್ರತೆ, ಪರರಾಷ್ಟ್ರಗಳೊಡನೆ ಸ್ನೇಹ, ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆಯ ತಡೆ ಎಂಬ ಕಾರಣಗಳನ್ನು ಸೇರಿಸಿ, ಕಾರಣವನ್ನು ಬರೆದಿಡಬೇಕೆಂದು ವಿಧಿಸಿತು. ಕಾರ್ಯದರ್ಶಿಯ ಸಹಿಯ ನಿರ್ಣಾಯಕತ್ವವನ್ನು ತೆಗೆದುಹಾಕಿತು. ಬರೆದಿಟ್ಟ ಕಾರಣವನ್ನು ಓದಿ ನೋಡುವವರು ಯಾರೆಂಬುದನ್ನು ಮಾತ್ರ ಹೇಳಲಿಲ್ಲ.

ಇನ್ನು ನಮ್ಮ ನಾಡಿನ ಪ್ರಸಂಗ. 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಗಳಾದ ರಾಮಕೃಷ್ಣ ಹೆಗಡೆಯವರು, ಅಧಿಕಾರಿಗಳ ಮೇಲೆ ಕಣ್ಣಿಡುವುದಕ್ಕಾಗಿ ಲೋಕಾಯುಕ್ತವೆಂಬ ಸಂಸ್ಥೆಯನ್ನು 1984ರ ಶಾಸನದಿಂದ ನಿರ್ಮಿಸಿದವರು. ಅವರೇ 1988ರ ಆಗಸ್ಟಿನಲ್ಲಿ, ರಾಜಕಾರಣಿಗಳೇ ಮೊದಲಾದವರ ಟೆಲಿಫೋನುಗಳನ್ನು ರಾಜ್ಯದಲ್ಲಿ ಕದ್ದಾಲಿಸಲಾಯಿತೆಂಬ ಆಪಾದನೆಯ ಕೋಲಾಹಲದಲ್ಲಿ, ನೈತಿಕ ಹೊಣೆಯನ್ನು ಹೊತ್ತು ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿಯವರು ಆ ಸ್ಥಾನಕ್ಕೆ ಬಂದರು.

ನಾನು ಆಗ ಉಪಾಧ್ಯಾಯವೃತ್ತಿಗೆ ಸೇರಿ ಕೆಲವೇ ವರ್ಷಗಳಾಗಿದ್ದುವು. ಆಕಾಶವಾಣಿಯಲ್ಲಿ ಸುದ್ದಿ ಬಂದ ಮಾರನೆಯ ದಿನ ನಮ್ಮ ಉಪಾಧ್ಯಾಯರ ಕೊಠಡಿಯಲ್ಲಿ ಎರಡು ಪಕ್ಷಗಳಾದುವು. ಹೆಗಡೆಯವರನ್ನು ಮೆಚ್ಚುವವರು ಇದೆಲ್ಲ ದೆಹಲಿಯ ಸಂಚೆಂದರು. ಮೆಚ್ಚದವರು ಕಳ್ಳನು ಸಿಕ್ಕಿಬಿದ್ದನೆಂದರು. ಗಣಿತದ ಮೇಷ್ಟರೊಬ್ಬರು, ಮಿತಭಾಷಿಗಳು, ಎಲ್ಲವನ್ನೂ ಕೇಳಿದ ಮೇಲೆ, "ಅವರು ಕೇಳಿಸಿದರೋ ಬಿಟ್ಟರೋ ನನಗೆ ತಿಳಿಯದು ಸ್ವಾಮಿ. ಕೇಳಿಸುವುದಕ್ಕೆ ಯಾರನ್ನು ಕೇಳಬೇಕು? ಅದನ್ನು ಹೇಳಿ," ಎಂದರು. ನಾನೂ ಸೇರಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ಮುಂದೆ ಬಹಳ ದಿನಗಳವರೆಗೆ, ಮುಖ್ಯೋಪಾಧ್ಯಾಯರ ಕೊಠಡಿಯ ಟೆಲಿಫೋನಿನಲ್ಲಿ ಮಾತಾಡುವವರು, ವರ್ಗಾವಣೆಯ ಮಾತಾಗಲಿ ಸಂಬಳದ ಮಾತಾಗಲಿ ಬಂದರೆ, ಧ್ವನಿಯನ್ನು ತಗ್ಗಿಸುತ್ತಿದ್ದರು. ತಂತಿಯಲ್ಲಿ ಕೇಳುವವನಿಗೆ ತಗ್ಗಿದ ಧ್ವನಿಯೂ ಕೇಳುವುದೆಂಬ ಅರಿವು ಅವರಿಗಿರಲಿಲ್ಲವೆಂದಲ್ಲ. ಭಯವು ತರ್ಕವನ್ನು ಅನುಸರಿಸಿ ನಡೆಯುವುದಿಲ್ಲ. ಆಗಿನ ಸರ್ಕಾರಕ್ಕೆ ನಮ್ಮಂಥವರ ಮಾತನ್ನು ಕೇಳಬೇಕಾದ ಕಾರಣವೇನೂ ಇರಲಿಲ್ಲ. ಆದರೂ ಮಂತ್ರಿಗಳ ಮಾತಿಗೇ ರಕ್ಷೆಯಿಲ್ಲವೆಂದ ಮೇಲೆ ಮೇಷ್ಟರ ಮಾತಿಗೆ ಎಲ್ಲಿಯದು ಎಂಬ ಭಾವನೆ ಒಳಹೊಕ್ಕಿತ್ತು.

ಮೇಷ್ಟರ ಪ್ರಶ್ನೆಗೆ ಉತ್ತರ ಬಂದುದು ಎಂಟು ವರ್ಷಗಳ ಮೇಲೆ, ದೆಹಲಿಯ ದಾರಿಯಾಗಿ. ಚಂದ್ರಶೇಖರರು 1990ರ ನವೆಂಬರಿನಲ್ಲಿ ಪ್ರಧಾನಮಂತ್ರಿಗಳಾಗುವುದಕ್ಕೆ ಮುಂಚೆ, ತಮ್ಮದೂ ಸೇರಿದಂತೆ ಹಲವು ರಾಜಕಾರಣಿಗಳ ಟೆಲಿಫೋನುಗಳನ್ನು ಸರ್ಕಾರದವರು ಕದ್ದಾಲಿಸುತ್ತಿರುವರೆಂದು ಬಹಿರಂಗವಾಗಿ ಆಪಾದಿಸಿದ್ದರು. ಅದೇ ಚಂದ್ರಶೇಖರರ ಸರ್ಕಾರವು, ಹರಿಯಾಣದ ಇಬ್ಬರು ಪೋಲೀಸಿನವರು ರಾಜೀವ ಗಾಂಧಿಯವರ ಮನೆಯ ಮೇಲೆ ಕಣ್ಣಿಟ್ಟಿದ್ದರೆಂಬ ಗದ್ದಲದಲ್ಲಿ ಕಾಂಗ್ರೆಸ್ಸಿನ ಬೆಂಬಲವನ್ನು ಕಳೆದುಕೊಂಡು, 1991ರ ಮಾರ್ಚ್ 6ರಂದು ರಾಜೀನಾಮೆಯಿತ್ತಿತು. ಇಂತು ಮೂರು ವರ್ಷಗಳೊಳಗಾಗಿ ಬೆಂಗಳೂರಿನಲ್ಲೊಂದು, ದೆಹಲಿಯಲ್ಲೊಂದು ಅಧಿಕಾರಪೀಠಗಳು ಗೂಢಚರ್ಯೆಯ ಆಪಾದನೆಯಿಂದ ಉರುಳಿದುವು. ಯಾವ ಒಂದು ಪಕ್ಷಕ್ಕೂ ಸೇರಿದ ದೋಷವಲ್ಲವಿದೆಂಬುದನ್ನು ತೋರಿಸುವುದಕ್ಕೆ ಇಷ್ಟು ಸಾಕು.

ಚಂದ್ರಶೇಖರರ ಆಪಾದನೆಯ ಮೇಲೆ ಸಿ.ಬಿ.ಐ. ತನಿಖೆ ನಡೆದಿತ್ತು. ಅದರ ವರದಿಯು 1991ರ ಮಾರ್ಚಿನಲ್ಲಿ 'ಮೇನ್‌ಸ್ಟ್ರೀಮ್' ಪತ್ರಿಕೆಯಲ್ಲಿ ಬೆಳಕಿಗೆ ಬಂದಿತು. ಅದನ್ನು ಹಿಡಿದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವರದಿಯ ಅಂಕಿಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮಹಾನಗರ ಟೆಲಿಫೋನು ನಿಗಮದ ಪಟ್ಟಿಯಲ್ಲಿ ಕದ್ದಾಲಿಕೆಗೆ ಒಳಗಾದುವೆಂದು ಕಂಡ 4 ಟೆಲಿಫೋನುಗಳಿಗೆ ಅಪ್ಪಣೆಯ ಪತ್ರವೇ ಸಿಕ್ಕಲಿಲ್ಲ. 279 ಟೆಲಿಫೋನುಗಳ ವಿಷಯದಲ್ಲಿ ಇದಕ್ಕೆ ವಿಪರ್ಯಯ: ಅಪ್ಪಣೆಯಿದೆ, ಪಟ್ಟಿಯಲ್ಲಿ ಹೆಸರಿಲ್ಲ. 133 ಪ್ರಸಂಗಗಳಲ್ಲಿ ಅಪ್ಪಣೆಯ ಅವಧಿ ತೀರಿದ ಮೇಲೂ ಕೇಳುವುದು ನಡೆದಿತ್ತು. ಏಕೆಂದು ಕೇಳಿದ್ದಕ್ಕೆ, ಅಧಿಕಾರಿಗಳ ಕಡೆಯವರು ಬಾಯಿಮಾತಿನಲ್ಲಿ ಕೋರಿದರು, ಸದ್ಭಾವನೆಯಿಂದ ಮುಂದುವರಿಸಿದೆವು ಎಂದು ನಿಗಮದವರ ಸಮಾಧಾನ. 111 ಪ್ರಸಂಗಗಳಲ್ಲಿ 180 ದಿನಗಳನ್ನು ಮೀರಿ, ಸರ್ಕಾರದ ಅನುಮತಿಯೇ ಇಲ್ಲದೆ ಕೇಳಲಾಗಿತ್ತು. ಕಡತಗಳನ್ನು ಸರಿಯಾಗಿ ಇಟ್ಟಿರಲಿಲ್ಲ.

ಇವುಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಬಾಯಿಮಾತು. ದುಷ್ಟನಾದ ಮಂತ್ರಿ, ಸಂಚುಗಾರನಾದ ಪೋಲೀಸು ಅಧಿಕಾರಿ ಎಂದೆಲ್ಲ ನಾವು ಕಲ್ಪಿಸಿಕೊಳ್ಳುತ್ತೇವೆ. ಅಂಥವರೂ ಇರಬಹುದು. ಆದರೆ 133 ಸಲ ನಡೆದುದು ಅದಲ್ಲ. ಒಬ್ಬರು ಬಂದು, "ಇನ್ನಷ್ಟು ದಿನ ಇರಲಿ," ಎಂದರು. ಇನ್ನೊಬ್ಬರು, "ಆಗಲಿ," ಎಂದರು. ಶಾಲೆಯಲ್ಲಿ ಹಾಜರಿಪುಸ್ತಕವನ್ನು ವಾರದ ಕೊನೆಗೆ ಒಟ್ಟಿಗೆ ತುಂಬಿಸುವ ಉಪಾಧ್ಯಾಯರಲ್ಲಿಯೂ ಇದೇ ಸದ್ಭಾವನೆಯನ್ನು ನಾನು ಕಂಡಿದ್ದೇನೆ.

1996ರ ಡಿಸೆಂಬರ್ 18ರಂದು, ಖಡಕ್ ಸಿಂಗನ ತೀರ್ಪಿಗೆ ಸರಿಯಾಗಿ 34 ವರ್ಷಗಳಾದ ದಿನ, ನ್ಯಾಯಮೂರ್ತಿಗಳಾದ ಕುಲದೀಪ ಸಿಂಗ್ ಮತ್ತು ಸಗೀರ್ ಅಹಮದ್ ಅವರ ಪೀಠವು ತೀರ್ಪಿತ್ತಿತು. ತನ್ನ ಮನೆಯಲ್ಲಾಗಲಿ ಕಚೇರಿಯಲ್ಲಾಗಲಿ ಟೆಲಿಫೋನಿನಲ್ಲಿ ಆಡುವ ಮಾತು ಏಕಾಂತದ ಹಕ್ಕಿಗೆ ಸೇರಿದುದು, ಶಾಸನೋಕ್ತವಾದ ಕ್ರಮವಿಲ್ಲದೆ ಅದನ್ನು ಕದ್ದಾಲಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಘೋಷಿಸಿತು. ಸಾರ್ವಜನಿಕ ತುರ್ತು, ಸಾರ್ವಜನಿಕ ಸುರಕ್ಷತೆ ಎಂಬಿವು ಗುಟ್ಟಾಗಿರುವ ಸಂಗತಿಗಳಲ್ಲ. ಸಾಮಾನ್ಯ ವಿವೇಕವುಳ್ಳವನಿಗೂ ಕಾಣುವಂತಿರಬೇಕು ಎಂದು ವಿವರಿಸಿತು. ಅನುಚಿತವಾದ ಕದ್ದಾಲಿಕೆಯನ್ನು ತಡೆಯುವ ನಿಯಮಗಳನ್ನು ಮಾಡಲು ಅದೇ 1885ರ ಶಾಸನದ 7ನೆಯ ಕಲಮಿನಲ್ಲಿ ಅಧಿಕಾರವಿದ್ದರೂ, ಅಷ್ಟು ದೀರ್ಘಕಾಲದಲ್ಲಿ ಒಂದು ನಿಯಮವನ್ನೂ ಮಾಡದ ಸರ್ಕಾರವನ್ನು ಆಕ್ಷೇಪಿಸಿತು. 1885ರಿಂದ 1996ಕ್ಕೆ 111 ವರ್ಷಗಳು.

ಇಲ್ಲಿಯವರೆಗೆ ಎಲ್ಲವೂ ಸರಿ. ಅರ್ಜಿದಾರರ ಪರವಾಗಿ ವಾದಿಸಿದ ರಾಜಿಂದರ್ ಸಾಚಾರ್ ಅವರು ಕೇಳಿದುದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು: ಕೇಳುವುದಕ್ಕೆ ಮೊದಲು ನ್ಯಾಯಿಕ ಸ್ವರೂಪದ ಅಧಿಕಾರಿಯೊಬ್ಬನು, ಗುಟ್ಟಾಗಿಯೇ ಆಗಲಿ, ಕಾರಣವನ್ನು ಪರೀಕ್ಷಿಸಬೇಕು. ಶಾಸನದಲ್ಲಿ ಹಾಗೆ ಹೇಳಿಲ್ಲದ ಕಾರಣ ತಾನು ಅದನ್ನು ವಿಧಿಸಲಾರೆನೆಂದು ನ್ಯಾಯಾಲಯ ಹೇಳಿತು. ಅದಕ್ಕೆ ಬದಲಾಗಿ ಇತ್ತ ಏರ್ಪಾಡೇನೆಂದರೆ, ಅಪ್ಪಣೆ ಕೊಡುವವರು ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಗಳು; ಅಪ್ಪಣೆಯ ಆಯುಸ್ಸು ಎರಡು ತಿಂಗಳು, ಎಷ್ಟು ಬೆಳೆಸಿದರೂ ಆರು ತಿಂಗಳು; ಬೇರೆ ಉಪಾಯದಿಂದ ಸುದ್ದಿ ದೊರೆಯುವುದೇ ಎಂದು ಮೊದಲು ಯೋಚಿಸತಕ್ಕದ್ದು; ಎರಡು ತಿಂಗಳೊಳಗೆ ಪರಿಶೀಲನ ಸಮಿತಿಯು ಅದನ್ನು ನೋಡತಕ್ಕದ್ದು. ಆ ಸಮಿತಿಯಲ್ಲಿ ಕುಳಿತುಕೊಳ್ಳುವವರು ಕೇಂದ್ರದಲ್ಲಿ ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿಯೂ ಅವರ ಸಮಾನಸ್ಕಂಧರೂ.

ತರ್ಕಶಾಸ್ತ್ರದಲ್ಲಿ ಆತ್ಮಾಶ್ರಯವೆಂಬ ದೋಷವೊಂದುಂಟು. ಒಂದನ್ನು ಸಾಧಿಸಲು ಅದನ್ನೇ ಆಧಾರವಾಗಿ ಹಿಡಿಯುವುದು. ಒಬ್ಬ ಕಾರ್ಯದರ್ಶಿಯ ಅಪ್ಪಣೆಯ ಯುಕ್ತಾಯುಕ್ತತೆಯನ್ನು ಅದೇ ಸರ್ಕಾರದ, ಅದೇ ಮಂತ್ರಿಗಳ ಕೆಳಗಿನ, ಬಹುಶಃ ಪಕ್ಕದ ಕೊಠಡಿಯ ಮೂವರು ಕಾರ್ಯದರ್ಶಿಗಳು ನಿರ್ಣಯಿಸುವುದನ್ನು ನಾನು ಬೇರೆ ಹೆಸರಿನಿಂದ ಕರೆಯಲಾರೆ. ಕೌಟಿಲ್ಯನ ಮೂವರು ಚಾರರು ಒಬ್ಬರನ್ನೊಬ್ಬರು ಅರಿಯದವರಾಗಿರಬೇಕಿತ್ತು.

ನ್ಯಾಯಾಧೀಶರ ಕೈಗೆ ಕೊಟ್ಟರೆ ಎಲ್ಲವೂ ನೆಟ್ಟಗಾಗುವುದೆಂದು ನಾನು ಹೇಳುತ್ತಿಲ್ಲ. ಅಮೆರಿಕಾ ದೇಶದಲ್ಲಿ ಪರದೇಶಗಳಿಗೆ ಸಂಬಂಧಿಸಿದ ಗೂಢಚರ್ಯೆಗಾಗಿ 1978ರಿಂದ ಪ್ರತ್ಯೇಕ ರಹಸ್ಯ ನ್ಯಾಯಾಲಯವೇ ಇದೆ. ಆದರೂ, ಅಧ್ಯಕ್ಷಪದವಿಯ ಚುನಾವಣೆಯೊಂದರಲ್ಲಿ ಅಭ್ಯರ್ಥಿಗೆ ಸಲಹೆಗಾರನಾಗಿದ್ದವನ ಮೇಲೆ ನಿಗಾ ಇಡಲು ಆ ನ್ಯಾಯಾಲಯಕ್ಕೆ ಸಲ್ಲಿಸಿದ ಅರ್ಜಿಗಳಲ್ಲಿ 17 ಗಣನೀಯ ತಪ್ಪುಗಳೂ ಲೋಪಗಳೂ ಇದ್ದುವೆಂದು ಅಲ್ಲಿಯ ನ್ಯಾಯಾಂಗ ಇಲಾಖೆಯ ಮಹಾಪರೀಕ್ಷಕರು 2019ರಲ್ಲಿ ಬರೆದರು. ಒಂದೇ ಕಡೆಯ ಮಾತನ್ನು ಕೇಳುವ ನ್ಯಾಯಾಧೀಶನೂ ಮೋಸಹೋಗಬಲ್ಲನು. ಆದರೆ ಅಲ್ಲಿ ಮೋಸಹೋದುದನ್ನು ತೋರಿಸಲು ಅರ್ಜಿಗಳು ಉಳಿದಿದ್ದುವು. ನಮಗೆ 1885ರ ಶಾಸನವನ್ನು ಕೊಟ್ಟ ಇಂಗ್ಲೆಂಡು ಕೂಡ 2016ರ ತನ್ನ ಶಾಸನದಲ್ಲಿ, ಮಂತ್ರಿಯ ಅಪ್ಪಣೆಯನ್ನು ನ್ಯಾಯಿಕ ಆಯುಕ್ತರು ಒಪ್ಪಬೇಕೆಂದು ವಿಧಿಸಿಕೊಂಡಿತು.

ನಮ್ಮಲ್ಲಿ 1996ರ ಏರ್ಪಾಡು 2007ರಲ್ಲಿ 419-ಎ ಎಂಬ ನಿಯಮವಾಗಿ ನೆಲೆಗೊಂಡಿತು. ಆ ಏರ್ಪಾಡು ನಡೆದ ಬಗೆಗೆ ಎರಡು ಉದಾಹರಣೆಗಳು ಸಾಕು. 2005ರಲ್ಲಿ ಸಮಾಜವಾದಿ ಪಕ್ಷದ ಮುಖಂಡ ಅಮರ್ ಸಿಂಗ್ ಅವರ ಟೆಲಿಫೋನನ್ನು ಖಾಸಗಿ ಸಂಸ್ಥೆಯೊಂದು ಕೃತಕವಾದ ಅಪ್ಪಣೆಪತ್ರವನ್ನು ನಂಬಿ ಕದ್ದಾಲಿಕೆಗೆ ಒಪ್ಪಿಸಿತು. ಅರ್ಜಿದಾರರು ಪೂರ್ಣಸತ್ಯವನ್ನು ಮುಂದಿಟ್ಟಿಲ್ಲವೆಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಅರ್ಜಿಯನ್ನು ವಜಾ ಮಾಡಿತಾದರೂ, ಅಷ್ಟೊಂದು ಢಾಳಾದ ತಪ್ಪುಗಳುಳ್ಳ ಪತ್ರವನ್ನು ಸಂಸ್ಥೆಯವರು ವಿಚಾರಿಸದೆ ಹೇಗೆ ನಂಬಿದರೆಂದು ಬೆರಗನ್ನು ಸೂಚಿಸಿತು. ಕೆಂಪು ಶಾಯಿಯಲ್ಲಿ ಮೂರು ದಶಕಗಳನ್ನು ಕಳೆದ ನನಗೆ ಈ ಪ್ರಸಂಗ ಮರೆಯದು. ಎರಡನೆಯದು ಸಮಿತಿಯ ಮಾತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ತಜ್ಞಸಮಿತಿಯು 2018ರಲ್ಲಿ ಬರೆದಂತೆ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನ ಸಮಿತಿಯ ಮುಂದೆ ಪ್ರತಿ ಸಭೆಯಲ್ಲಿ 15,000ದಿಂದ 18,000ದವರೆಗೆ ಅಪ್ಪಣೆಗಳು ಬರುತ್ತಿದ್ದುವು. ಆ ಮೂವರು ಕಾರ್ಯದರ್ಶಿಗಳು ಊಟವನ್ನೂ ಬಿಟ್ಟು ಎಂಟು ಗಂಟೆ ಕುಳಿತರೆ 28,800 ಸೆಕೆಂಡುಗಳು. ಒಂದು ಅಪ್ಪಣೆಗೆ ಎರಡು ಸೆಕೆಂಡು ಸಹ ದೊರೆಯದು. ನಮ್ಮ ಗಣಿತದ ಮೇಷ್ಟರು ಇದ್ದಿದ್ದರೆ ಈ ಲೆಕ್ಕವನ್ನು ಅವರಿಗೆ ತೋರಿಸುತ್ತಿದ್ದೆನು.

2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತೊಂಬತ್ತರ ಗಡಿಯಲ್ಲಿ ಹೂಡಿದ್ದ ದಾವೆಯಲ್ಲಿ, ಒಂಬತ್ತು ನ್ಯಾಯಾಧೀಶರು ಏಕಕಂಠದಿಂದ ಏಕಾಂತವನ್ನು ಮೂಲಭೂತ ಹಕ್ಕೆಂದರು. 1962ರ ಸುಬ್ಬರಾಯರ ಭಿನ್ನಮತವೇ ಸರಿಯೆಂದಾಯಿತು. ಕದ್ದಾಲಿಕೆಯ ಆಪಾದನೆಗಳು ಅದರಿಂದ ನಿಲ್ಲಲಿಲ್ಲ. 2019ರಲ್ಲಿ ನಮ್ಮ ರಾಜ್ಯದಲ್ಲಿಯೇ ಸರ್ಕಾರ ಬದಲಾದೊಡನೆ ಹಿಂದಿನ ಸರ್ಕಾರದ ಕಾಲದ ಕದ್ದಾಲಿಕೆಯ ದೂರುಗಳನ್ನು ಸಿ.ಬಿ.ಐ.ಗೆ ಒಪ್ಪಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬೊಂಬಾಯಿ ಹೈಕೋರ್ಟು, ಲಂಚದ ಆಪಾದನೆಗೆ ಗುರಿಯಾದ ವರ್ತಕರೊಬ್ಬರ ವಿಷಯದ ಮೂರು ಅಪ್ಪಣೆಗಳನ್ನು, ಸಾರ್ವಜನಿಕ ತುರ್ತೂ ಇಲ್ಲ ಸುರಕ್ಷತೆಯ ಪ್ರಶ್ನೆಯೂ ಇಲ್ಲವೆಂದು ರದ್ದುಮಾಡಿ, ಮುದ್ರಿಸಿಕೊಂಡ ಮಾತುಗಳನ್ನು ನಾಶಮಾಡಿಸಿತು. ಅವರ ಮಾತು ಕೇಳಲ್ಪಟ್ಟಿತೆಂಬುದು ಹೊರಬಿದ್ದುದು ಅದೇ ಮಾತನ್ನು ಅವರ ಮೇಲೆ ಸಾಕ್ಷ್ಯವಾಗಿ ತಂದುದರಿಂದ. ಸಾಕ್ಷ್ಯವಾಗಿ ಬಾರದ ಮಾತುಗಳನ್ನಾಡಿದವರಿಗೆ ಯಾರೂ ಸುದ್ದಿ ಕೊಡಬೇಕಾಗಿಲ್ಲ.

1885ರ ಶಾಸನದ ಸ್ಥಾನಕ್ಕೆ 2023ರ ದೂರಸಂಪರ್ಕ ಶಾಸನ ಬಂದಿತು. ಕದ್ದಾಲಿಕೆಯ ಹೊಸ ನಿಯಮಗಳು 2024ರ ಡಿಸೆಂಬರ್ 6ರಂದು ಪ್ರಕಟವಾದುವು. ಅಪ್ಪಣೆ ಕೊಡುವವರು ಗೃಹ ಕಾರ್ಯದರ್ಶಿಗಳೇ, ಪರಿಶೀಲಿಸುವವರು ಕಾರ್ಯದರ್ಶಿಗಳ ಸಮಿತಿಯೇ. ಕೇಳಿದ ಮಾತುಗಳನ್ನಷ್ಟೇ ಅಲ್ಲದೆ ಅಪ್ಪಣೆಗೆ ಸಂಬಂಧಿಸಿದ ಕಾಗದಗಳನ್ನೂ, ಬೇಕಾದುವನ್ನುಳಿದು, ಆರು ತಿಂಗಳಿಗೊಮ್ಮೆ ನಾಶಮಾಡಬೇಕೆಂಬ 2007ರ ವಿಧಿಯೂ ಉಳಿದುಬಂದಿದೆ. ಪ್ರಜೆಯ ಗುಟ್ಟು ಹೊರಬೀಳದಿರಲೆಂಬುದು ಅದರ ಉದ್ದೇಶ. ಸಿ.ಬಿ.ಐ.ಯವರು 4, 279, 133, 111 ಎಂದು ಎಣಿಸಲು ಸಾಧ್ಯವಾದುದು, ಕ್ರಮವಿಲ್ಲದೆಯಾದರೂ ಆ ಹಳೆಯ ಕಾಗದಗಳು ನಿಗಮದ ಕಪಾಟಿನಲ್ಲಿ ಉಳಿದಿದ್ದುದರಿಂದ.